ಮೂರನೇ ಕೀಲು

ಆ ಮೇಸ್ತ್ರಿಯ ಮೂಗಿನ ಬಗ್ಗೆ ಊರಲ್ಲಿ ಹೇಳುತ್ತಿದ್ದುದರಲ್ಲಿ ಅರ್ಧ ಸುಳ್ಳೆಂದು ಕಳೆದರೂ, ಉಳಿದ ಅರ್ಧವೇ ನಾಲ್ಕು ಜನರಿಗೆ ಹಂಚುವಷ್ಟಿತ್ತು. ಅವನು ಒಂದು ಮನೆಗೆ ಕಾಲಿಡುವ ಮೊದಲೇ ಅವನ ಮೂಗು ಒಳಗೆ ಹೋಗಿ, ಮನೆ ಬೆಚ್ಚಗಿಡುವ ಬಾಯ್ಲರಿನ ಯಾವ ತಿರುಪು ಸಡಿಲವಾಗಿದೆ ಎಂದು ತಿಳಿದುಕೊಂಡು, ಹೊಸಿಲಲ್ಲಿ ಇನ್ನೂ ಬೂಟಿನ ಮಣ್ಣು ಒರೆಸುತ್ತಿದ್ದ ತನ್ನ ಯಜಮಾನನಿಗೆ ವರದಿ ಒಪ್ಪಿಸುತ್ತಿತ್ತು. ಗ್ಯಾಸು ಸೋರಿದರೆ ಮೂರು ಬೀದಿ ಆಚೆಯಿಂದ ಹಿಡಿಯುತ್ತಿದ್ದ. ಹೊಗೆಯ ವಾಸನೆಯೊಂದರಿಂದಲೇ ಬಾಯ್ಲರಿನ ವಯಸ್ಸು, ಮಾಲೀಕನ ಜಿಪುಣತನ ಎರಡನ್ನೂ ಹೇಳುತ್ತಿದ್ದ. ಒಮ್ಮೆ ಅವನಿಗೆ ನೆಗಡಿಯಾದಾಗ ಅರ್ಧ ಊರು ಮೂರು ದಿನ ಒಲೆ ಹಚ್ಚಲು ಹೆದರಿತ್ತಂತೆ. ಹಾಗೆಂದು ಎಲ್ಲರಿಗೂ ಹೇಳಿದವನು ಅವನೇ. ಜನ ಅವನ ಹೆಸರು ಮರೆತು ಎಷ್ಟೋ ವರ್ಷವಾಗಿತ್ತು. ಮೂಗಿನ ಮೇಸ್ತ್ರಿ ಎಂದರೆ ಅಂಚೆಯವನಿಗೂ ಮನೆ ಗೊತ್ತು. ಕಣ್ಣಿಗೆ ಕನ್ನಡಕ ಬೇಕೆಂದು ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದರೂ, ದುಡಿಯುವ ಮೂಗಿನ ಮೇಲೆ ಗಾಜಿನ ಹೊರೆ ಹೇರುವುದು ಅನ್ಯಾಯ ಎಂದು ಅವನು ಮುಂದೂಡುತ್ತಲೇ ಬಂದಿದ್ದ.

ಇಂಥ ಮೂಗಿಗೆ ಮಣ್ಣು ಮುಕ್ಕಿಸಿದ್ದು ಅವನ ಅಕ್ಕನ ಮನೆ.

ಅಕ್ಕನ ಮಗಳು ಹೆತ್ತು ಹತ್ತು ದಿನವಾಗಿತ್ತು. ಅವಸರದ ಕೂಸು, ಲೆಕ್ಕಕ್ಕಿಂತ ಮೂರು ವಾರ ಮುಂಚೆಯೇ ಬಂದುಬಿಟ್ಟಿತ್ತು. ಮಗು ಬೆಚ್ಚಗಿರಲೇಬೇಕು, ಅದೊಂದು ತಪ್ಪಿದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅದೇ ವಾರ ಅಕ್ಕನ ಮನೆಯ ಹಳೆಯ ಬಾಯ್ಲರು, ಇಪ್ಪತ್ತೆರಡು ವರ್ಷ ಕೆಮ್ಮಿಕೊಂಡು ಬದುಕಿದ್ದು, ಒಂದು ಬೆಳಗ್ಗೆ ಗೊರಕ್ ಎಂದು ಸುಮ್ಮನಾಯಿತು. ಹೊರಗೆ ಚಳಿ ಎಂದರೆ ಎಂಥ ಚಳಿ, ಬೀದಿಯಲ್ಲಿ ಆಡಿದ ಮಾತು ಗಾಳಿಯಲ್ಲೇ ಹೆಪ್ಪುಗಟ್ಟಿ, ಮನೆಗೆ ಬಂದು ಕರಗಿಸಿಕೊಂಡು ಕೇಳಬೇಕಿತ್ತು. ಮೂಗಿನ ಮೇಸ್ತ್ರಿ ಆಸ್ಪತ್ರೆಯ ವಾರ್ಡಿನಲ್ಲಿ, ಇಬ್ಬರು ನರ್ಸುಗಳೂ ಪಕ್ಕದ ಹಾಸಿಗೆಯ ಅಜ್ಜಿಯೂ ಕೇಳುವಂತೆ ಎದೆ ತಟ್ಟಿ ಹೇಳಿದ್ದ:

"ಶುಕ್ರವಾರ ಸಂಜೆ ಐದಕ್ಕೆ ನೀನು ಮಗೂನ ಎತ್ಕೊಂಡು ಬಾಗಿಲಿಗೆ ಬಾ. ಕೋಣೆ ಬೆಚ್ಚಗಿಲ್ಲದಿದ್ರೆ ನನ್ನನ್ನ ಸೋದರಮಾವ ಅಂತ ಕರೀಬೇಡ."

ಮಗು ಅದಕ್ಕೆ ಆಕಳಿಸಿತ್ತು. ಆಗಲೇ ಅವನು ಎಚ್ಚೆತ್ತುಕೊಳ್ಳಬೇಕಿತ್ತು.

ಇನ್ನು ಅಕ್ಕನ ಗಂಡ, ಮೇಸ್ತ್ರಿಯ ಭಾವ. ಪಾರ್ಸೆಲ್ ಕಚೇರಿಯಲ್ಲಿ ಮೂವತ್ತಾರು ವರ್ಷ ಮುದ್ರೆ ಒತ್ತಿ ನಿವೃತ್ತನಾದ ಮೇಲೆ, ಒತ್ತಲು ಏನೂ ಇಲ್ಲದೆ ಕೈ ಕಡಿಯತೊಡಗಿ, ಪೇಂಟು ಬಳಿಯುವ ಚಟ ಹತ್ತಿಸಿಕೊಂಡಿದ್ದ. ಮೊದಲು ಗೇಟು, ಆಮೇಲೆ ಬಾಗಿಲು, ಆಮೇಲೆ ಕುರ್ಚಿಯ ಕಾಲು. ಬಳಿಯಬೇಕಾದ್ದು ಮುಗಿದಾಗ ಬಳಿಯಬಾರದ್ದಕ್ಕೆ ಕೈ ಹಾಕಿದ. ಕೀಲಿಕೈಗೆ ಬಳಿದು ಅದು ಬೀಗಕ್ಕೆ ಹೋಗದಂತೆ ಮಾಡಿದ. ಗೋಡೆ ಗಡಿಯಾರದ ಚೌಕಟ್ಟಿಗೆ ಬಳಿಯುವಾಗ ಬ್ರಷ್ಷು ಜಾರಿ ಮುಳ್ಳುಗಳಿಗೂ ತಾಗಿ, ಆ ಮನೆಯಲ್ಲಿ ನಾಲ್ಕು ವರ್ಷದಿಂದ ಹತ್ತು ಗಂಟೆ ಹತ್ತು ನಿಮಿಷವೇ ನಡೆಯುತ್ತಿತ್ತು. ಎದುರುಮನೆಯ ಕಪ್ಪು ಬೆಕ್ಕಿನ ಬೆನ್ನ ಮೇಲೆ ಒಂದು ಬಿಳಿ ಪಟ್ಟೆ ಇತ್ತು. ಅದು ಹುಟ್ಟಿನಿಂದ ಬಂದದ್ದಲ್ಲ. ಸದಾ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಬ್ರಷ್ಷು. ಆ ಮನೆಯ ಗಾಳಿಗೇ ಪೇಂಟಿನ ವಾಸನೆ. ಅಲ್ಲಿ ಕುದಿಸಿದ ಚಹಾಕ್ಕೂ ಒಂದು ಪದರ ಪೇಂಟಿನ ರುಚಿ ಇರುತ್ತಿತ್ತು. ಮೇಸ್ತ್ರಿಯ ಮೂಗು ಆ ಮನೆಗೆ ಬಂದ ಐದು ನಿಮಿಷಕ್ಕೆ ಸೋತು, ಬಾಲ ಮುದುರಿಕೊಂಡು, ಮೂಲೆಯಲ್ಲಿ ಮಲಗಿಬಿಡುತ್ತಿತ್ತು. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟಕ್ಕೇ ಅವನು ಕೆಲಸಕ್ಕೆ ಇಳಿದ. ಹೊಸ ಬಾಯ್ಲರನ್ನು ಹಿಂದಿನ ದಿನವೇ ಹಿಂದಿನ ಕೋಣೆಯ ಗೋಡೆಬೀರುವಿನೊಳಗೆ ತೂಗುಹಾಕಿ, ನೀರು ಗ್ಯಾಸುಗಳ ಜೋಡಣೆ ಮುಗಿಸಿದ್ದ. ಉಳಿದದ್ದು ಹೊಗೆಕೊಳವೆ ಒಂದೇ. ಆದರೆ ಬಾಯ್ಲರಿನ ಜೀವವೂ ಮನೆಯವರ ಜೀವವೂ ಇರುವುದು ಅದರಲ್ಲೇ ಎಂದು ಅವನಿಗೆ ಗೊತ್ತಿತ್ತು. ಬಾಣಂತಿಗೆ ಅಂತ ಅಕ್ಕ ಸಜ್ಜು ಮಾಡಿದ್ದೂ ಅದೇ ಹಿಂದಿನ ಕೋಣೆ, ಮಹಡಿ ಹತ್ತುವ ಗೋಜಿಲ್ಲದ್ದು ಅದೊಂದೇ. ತೊಟ್ಟಿಲು ಗೋಡೆಬೀರುವಿನಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಅದರೊಳಗೆ ಮಡಿಸಿಟ್ಟ ಪುಟ್ಟ ಹೊದಿಕೆಯನ್ನು ಮೇಸ್ತ್ರಿ ಬೆಳಗ್ಗಿನಿಂದ ನೋಡಬಾರದೆಂದುಕೊಂಡು ನೋಡುತ್ತಲೇ ಇದ್ದ.

ಕೊಳವೆಗೆ ಮೂರು ಕೀಲುಗಳು. ಬಾಯ್ಲರಿನ ತಲೆಯ ಬಾಯಿಗೆ ಒಂದು ಗಿಡ್ಡ ತುಂಡು ನಿಲ್ಲುವುದು ಮೊದಲನೆಯದು. ಅದರ ಮೇಲೆ ಮೊಣಕೈಯಂತೆ ಬಗ್ಗಿದ ತುಂಡು, ಬಾಗು, ಕೂರುವುದು ಎರಡನೆಯದು. ಬಾಗಿನೊಳಗೆ ಉದ್ದನೆಯ ಕೊಳವೆ ಹೋಗಿ ಸೇರುವುದು ಮೂರನೆಯದು. ಆ ಉದ್ದನೆಯದು ಗೋಡೆ ತೂರಿ ಹಿತ್ತಲಿಗೆ ಬಾಯಿ ತೆರೆಯುತ್ತದೆ. ಒಂದೊಂದು ಕೀಲಿನ ಒಳಗೂ ಒಂದು ಕಪ್ಪು ರಬ್ಬರ್ ಉಂಗುರ. ಮೇಸ್ತ್ರಿ ಗೋಡೆಯಲ್ಲಿ ತೂತು ಕೊರೆದ; ಕಿಟಕಿಯಿಂದ ಒಂದು ಮೊಳಕ್ಕೂ ಜಾಸ್ತಿ ದೂರ ಬಿಟ್ಟು, ಹೊರಹೋದ ಹೊಗೆ ತಿರುಗಿ ಒಳಗೆ ನುಸುಳದಂತೆ. ಕೊಳವೆಯ ಹೊರತುದಿ ಕೊಂಚ ಮೇಲಿರುವಂತೆ, ಒಂದು ಮೀಟರ್ ಉದ್ದಕ್ಕೆ ಮೂರು ಬೆರಳಿನಷ್ಟು, ರಸಮಟ್ಟ ಇಟ್ಟು ನೋಡಿದ. ಹೊಗೆಯ ಹಬೆ ನೀರಾದದ್ದು ಬಾಯ್ಲರಿಗೇ ವಾಪಸು ಹರಿದು ಅದರ ಚರಂಡಿ ಸೇರಬೇಕು. ಈ ಇಳಿಜಾರಿನ ಬಗ್ಗೆ ಭಾವ ಅರ್ಧ ಗಂಟೆ ಉಪನ್ಯಾಸ ಕೊಟ್ಟ: ಲೋಕದಲ್ಲಿ ಎಲ್ಲ ನೀರೂ ಮನೆಯಿಂದ ಹೊರಗೆ ಹೋಗಬೇಕು, ಇವನೊಬ್ಬ ಒಳಗೆ ಕರೆಯುತ್ತಾನೆ, ಇವನ ಡಿಗ್ರಿ ಯಾವ ಕಾಲೇಜಿನದು, ಇತ್ಯಾದಿ. ಮೇಸ್ತ್ರಿ ಹಲ್ಲು ಕಚ್ಚಿಕೊಂಡು, ಆ ನೀರು ಹುಳಿ ನೀರು, ಹೊರಗೆ ತೊಟ್ಟಿಕ್ಕಿದರೆ ನಿಮ್ಮ ಗೋಡೆಯ ಪೇಂಟೇ ಹೋಗುತ್ತೆ ಎಂದ. ಪೇಂಟು ಎಂದ ಕೂಡಲೇ ಭಾವ ಇಳಿಜಾರಿಗೆ ಒಪ್ಪಿಗೆ ಕೊಟ್ಟ.

ಪ್ರತಿ ಕೊಳವೆಯ ತುದಿಯನ್ನೂ ಮೇಸ್ತ್ರಿ ಬಟ್ಟೆಯಿಂದ ಉದ್ದುದ್ದಕ್ಕೆ ಒರೆಸಿದ. ಯಾವಾಗಲೂ ಹಾಗೇ, ಬುಡದಿಂದ ತುದಿಗೆ ಒಂದೇ ಎಳೆತ. ಅದು ಅವನ ಗುರುವಿನಿಂದ ಬಂದ ರೂಢಿ. ಉಂಗುರಕ್ಕೆ ಸೋಪಿನ ನೀರು ಸವರಿದ. ಎಷ್ಟು ಒಳಗೆ ಹೋಗಬೇಕೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಗೆರೆ ಮುಟ್ಟುವವರೆಗೆ ತಿರುಚಿ ತಿರುಚಿ ನೂಕಿದ. ಕೊಳವೆ ಅಲುಗದಂತೆ ಹಿಡಿಯುವ ಪಟ್ಟಿ ಬಿಗಿದ. ಗೋಡೆಯ ತೂತಿನ ಸುತ್ತಲಿನ ಸಂದಿಗೆ ಗಾರೆ ತುಂಬಿ, ಒಳಗೂ ಹೊರಗೂ ಸಂದಿ ಮುಚ್ಚುವ ದುಂಡು ತಟ್ಟೆ ಕೂರಿಸಿದ. ಹನ್ನೊಂದೂವರೆ. ಇಂಥ ಕೊಳವೆ ಅರಮನೆಯಲ್ಲೂ ಇರಲಿಕ್ಕಿಲ್ಲ ಎಂದು ಅಕ್ಕನಿಗೆ ಕೂಗಿ ಹೇಳಿದ. ಅರಮನೆ ಹೊಗೆಕೊಳವೆ ಅವನು ಎಲ್ಲಿ ನೋಡಿದ್ದನೋ ಯಾರೂ ಕೇಳಲಿಲ್ಲ.

ಪರೀಕ್ಷೆಗೆಂದು ಕಿಟಕಿಗಳನ್ನೆಲ್ಲ ತೆರೆಸಿ ಬಾಯ್ಲರು ಹಚ್ಚಿದ. ಕೈಯಲ್ಲಿ ಗಾಳಿ ಅಳೆಯುವ ಮೀಟರು ಹಿಡಿದು ಅದರ ಕಡ್ಡಿಯನ್ನು ಕೀಲಿನಿಂದ ಕೀಲಿಗೆ ಒಯ್ದ. ಮೊದಲನೆಯದು: ಸೊನ್ನೆ. ಎರಡನೆಯದು: ಸೊನ್ನೆ. ಮೂರನೆಯದು: ಹದಿನಾಲ್ಕು.

ಅವನು ಮೀಟರಿಗೆ ಒಂದು ಏಟು ಕೊಟ್ಟ. ಹದಿನೈದಾಯಿತು.

ಮೀಟರು ಅಳೆಯುತ್ತಿದ್ದದ್ದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿಯನ್ನು. ಮೂಗಿನ ಮೇಸ್ತ್ರಿಗೆ ಜಗತ್ತಿನಲ್ಲಿ ಒಂದೇ ಒಂದು ಶತ್ರು ಇದ್ದರೆ ಅದೇ. ಎಲ್ಲ ಗಾಳಿಯೂ ಅವನ ಮೂಗಿಗೆ ಸಲಾಂ ಹೊಡೆದು ಹೋಗುತ್ತಿದ್ದರೆ, ಇದೊಂದು ಮುಸುಕು ಹಾಕಿಕೊಂಡು ಪಕ್ಕದಲ್ಲೇ ದಾಟಿ ಹೋಗುತ್ತದೆ; ಮಲಗಿದವರನ್ನು ಎಬ್ಬಿಸುವುದಿಲ್ಲ, ಅಷ್ಟೇ. ಅವನು ಬಾಯ್ಲರು ಆರಿಸಿದ.

ಆಮೇಲಿನ ನಾಲ್ಕು ಗಂಟೆಯ ಕಥೆ ಹೇಳಹೊರಟರೆ ಕೇಳುವವರಿಗೂ ಬೆವರು ಬರುತ್ತದೆ. ಉಂಗುರ ಮಡಿಸಿಕೊಂಡಿರಬೇಕು ಎಂದು, ಇನ್ನೂ ಹಸಿಯಿದ್ದ ಗಾರೆ ಕೆದಕಿ ಕೊಳವೆ ಬಿಚ್ಚಿದ. ಉಂಗುರ ನೆಟ್ಟಗೆ ಕೂತಿತ್ತು. ಹೊಸ ಉಂಗುರ ಹಾಕಿ ಜೋಡಿಸಿದ: ಹನ್ನೆರಡು. ಮತ್ತೆ ಬಿಚ್ಚಿದ. ಕೊಳವೆಯ ಬಾಯಿ ಸೊಟ್ಟಗಾಗಿದೆಯೇನೋ ಎಂದು ಅಳೆಯುವ ಪಟ್ಟಿ ಹಿಡಿದು ಎಂಟು ದಿಕ್ಕಿನಲ್ಲೂ ಅಳೆದ. ಹುಣ್ಣಿಮೆ ಚಂದ್ರನೂ ಅಷ್ಟು ದುಂಡಗಿರುವುದಿಲ್ಲ. ಬಾಗನ್ನೇ ಬದಲಿಸಿ, ಚೀಲದಲ್ಲಿದ್ದ ಇನ್ನೊಂದು ಹೊಸ ಬಾಗು ಹಾಕಿದ: ಹದಿನೇಳು. ಕೀಲಿನ ಸುತ್ತ ಸೋಪಿನ ನೊರೆ ಬಳಿದು ಬಾಯ್ಲರಿನ ಪಂಖ ಮಾತ್ರ ಓಡಿಸಿದ. ಮೂರನೇ ಕೀಲಿನ ಸುತ್ತಲೂ, ಒಂದು ಕಡೆಯಲ್ಲ ಎರಡು ಕಡೆಯಲ್ಲ, ಉಂಗುರದುದ್ದಕ್ಕೂ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಎದ್ದು ಅವನನ್ನು ನೋಡಿ ಕಿಸಕ್ಕೆಂದು ನಕ್ಕು ಒಡೆದವು. ಒಂದು ತೂತಿದ್ದರೆ ಒಂದು ಗುಳ್ಳೆ ಬರಬೇಕು. ನೂರು ಗುಳ್ಳೆ ಬರಲು ಇದೇನು ಜರಡಿಯೇ?

ಬಿಚ್ಚುವುದು, ಒರೆಸುವುದು, ಸವರುವುದು, ನೂಕುವುದು, ಹಚ್ಚುವುದು, ಆರಿಸುವುದು. ಏಣಿ ಹತ್ತಿ ಇಳಿದದ್ದನ್ನೆಲ್ಲ ಕೂಡಿಸಿದರೆ ಅವನು ಅಷ್ಟು ಹೊತ್ತಿಗೆ ಒಂದು ಸಣ್ಣ ಬೆಟ್ಟದ ತುದಿ ಮುಟ್ಟಿರುತ್ತಿದ್ದ. ಬೆರಳ ಗೆಣ್ಣು ಸುಲಿಯಿತು. ಕುತ್ತಿಗೆ ಹಿಡಿದುಕೊಂಡಿತು. ತೆರೆದ ಕಿಟಕಿಗಳಿಂದ ಚಳಿ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿತ್ತು. ಅಕ್ಕ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ತಲೆ ಹಾಕಿ ಆಯ್ತಾ ಎಂದು ಕೇಳುತ್ತಿದ್ದಳು. ಮೊದಮೊದಲು ಅವನು ಈಗ ಆಗುತ್ತೆ ಎನ್ನುತ್ತಿದ್ದ, ಆಮೇಲೆ ಹೂಂ ಎನ್ನುತ್ತಿದ್ದ, ಮೂರು ಗಂಟೆಯ ನಂತರ ಸುಮ್ಮನೆ ಏಣಿಯನ್ನು ಒದೆಯುತ್ತಿದ್ದ. ಭಾವ ತನ್ನ ಕುರ್ಚಿ ತಂದು ಕೋಣೆಯ ನಡುವೆ ಹಾಕಿಕೊಂಡು, ಕ್ರಿಕೆಟ್ ನೋಡುವವನಂತೆ ಕೂತು, ಒಂದೊಂದು ಸೋಲಿಗೂ ಒಂದೊಂದು ಸಲಹೆ ಕೊಡುತ್ತಿದ್ದ.

"ಅಲ್ಲಯ್ಯಾ, ಮೂರು ಬೀದಿ ಆಚೆ ಸೋರಿದ್ರೆ ಗೊತ್ತಾಗುತ್ತೆ ಅಂತೀಯ. ಇಲ್ಲಿ ಮೂಗಿನ ಕೆಳಗೆ ಸೋರ್ತಿದೆ. ಏನಂತೆ ನಿನ್ನ ಮೂಗು, ಇವತ್ತು ರಜಾನಾ?"

"ಭಾವ, ನೀವು ಸ್ವಲ್ಪ ಹೊತ್ತು ಹೊರಗಿರ್ತೀರಾ?"

"ನನ್ನ ಮನೇಲಿ ನಾನು ಹೊರಗೆ. ಸರಿಹೋಯ್ತು."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಕ್ಕ ಅವನ ರಟ್ಟೆ ಹಿಡಿದು ಏಣಿಯಿಂದ ಇಳಿಸಿ, ಅಡುಗೆಮನೆಗೆ ಎಳೆದೊಯ್ದು, ಚಹಾದ ಲೋಟ ಕೈಗಿಟ್ಟಳು. ಅವನು ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಗೋಡೆಗೊರಗಿ ಹತ್ತು ನಿಮಿಷ ಕೂತು ಅರ್ಧ ಲೋಟ ಕುಡಿಯುವಷ್ಟರಲ್ಲಿ ಹಿಂದಿನ ಕೋಣೆಯಿಂದ ಭಾವನ ಕೂಗು ಕೇಳಿತು, ಬಾ ಬಂದು ನೋಡು ಎಂದು. ಹೋಗಿ ನೋಡಿದರೆ ಭಾವ ಏಣಿಯ ಮೇಲೆ. ಕೈಯಲ್ಲಿ ಬಚ್ಚಲಮನೆಯ ಸಂದಿಗೆ ಹಾಕುವ ಸಿಲಿಕೋನ್ ಟ್ಯೂಬು. ಮೂರನೇ ಕೀಲಿನ ಸುತ್ತ ಹೆಬ್ಬೆರಳು ದಪ್ಪಕ್ಕೆ ಬಿಳೀ ಮುದ್ದೆ, ಅದರ ಮೇಲೆ ಬೆರಳಿನಿಂದ ಸವರಿದ ನಯ. ಟ್ಯೂಬಿನ ಮೇಲೆ ಒಂದು ದಿನ ಒಣಗಲು ಬಿಡಿ ಎಂದು ಬರೆದಿತ್ತು. ಭಾವ ಅಕ್ಕನ ಕೂದಲು ಒಣಗಿಸುವ ಯಂತ್ರ ಹಿಡಿದು ಐದು ನಿಮಿಷದಲ್ಲಿ ದಿನ ಮುಗಿಸಿದ್ದ.

"ಹಚ್ಚು ಈಗ."

ಮೇಸ್ತ್ರಿ ಹಚ್ಚಿದ. ಕಡ್ಡಿ ಹಿಡಿದ. ಸೊನ್ನೆ. ಐದು ನಿಮಿಷ ಕಾದ. ಸೊನ್ನೆಯೇ.

ಭಾವ ಮೀಸೆ ತಿರುವಿದ. ಅಕ್ಕ ಕಣ್ಣೊರೆಸಿಕೊಂಡು, ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ಗೋಡೆಯಡಿಯ ಬಿಸಿನೀರಿನ ಕೊಳವೆಗಳು ಕಟಕಟ ಎಂದವು. ಕೋಣೆಗೆ ಮೊದಲ ಸಲ ಬಿಸಿ ಬರತೊಡಗಿತು, ಕಾಲ್ಬೆರಳಿನಿಂದ ಮೇಲಕ್ಕೆ. ಗಂಟೆ ನಾಲ್ಕೂ ಕಾಲು. ಮಾತು ಉಳಿಯಿತು, ಮಾನ ಉಳಿಯಿತು, ಸೋದರಮಾವನ ಪಟ್ಟ ಉಳಿಯಿತು. ಮೇಸ್ತ್ರಿ ಮಾಡಬೇಕಾದದ್ದು ಚೀಲ ಹೆಗಲಿಗೇರಿಸಿಕೊಂಡು ಚಹಾ ಮುಗಿಸುವುದು ಮಾತ್ರ.

ಅವನು ಏಣಿಯ ಮೇಲೇ ನಿಂತಿದ್ದ. ಮೇಲಿನಿಂದ ಬಳಿದ ಮುದ್ದೆ ಎಂದರೆ ಗಾಯ ತೊಳೆಯದೆ ಸುತ್ತಿದ ಪಟ್ಟಿ. ಬಾಯ್ಲರು ದಿನಕ್ಕೆ ಹತ್ತು ಸಲ ಹಚ್ಚಿಕೊಂಡು ಆರುತ್ತದೆ. ಕೊಳವೆ ಹತ್ತು ಸಲ ಹಿಗ್ಗುತ್ತದೆ, ಹತ್ತು ಸಲ ಕುಗ್ಗುತ್ತದೆ. ಒಳಗೆ ಉಂಗುರ ಹಿಡಿಯದಿದ್ದರೆ ಈ ಮುದ್ದೆ ಒಂದು ವಾರ ತಾಳೀತು, ಇಲ್ಲ ಒಂದು ತಿಂಗಳು. ಆಮೇಲೊಂದು ದಿನ ಒಂದು ಕೂದಲೆಳೆಯಷ್ಟು ಬಿಡುತ್ತದೆ. ಆಗ ಏಣಿಯ ಮೇಲೆ ಮೀಟರು ಹಿಡಿದು ಯಾರೂ ನಿಂತಿರುವುದಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ತೊಟ್ಟಿಲು ಮಾತ್ರ ಇರುತ್ತದೆ.

ಅವನು ಬಾಯ್ಲರು ಆರಿಸಿದ. ಪಟ್ಟಿ ಸಡಿಲಿಸಿದ. ಸಿಲಿಕೋನ್ ಮುದ್ದೆಗೆ ಉಗುರು ಹಾಕಿ, ಭಾವನ ಕಣ್ಣೆದುರೇ ಹಾವಿನ ಪೊರೆ ಸುಲಿದಂತೆ ಸುತ್ತಲೂ ಸುಲಿದು ನೆಲಕ್ಕೆ ಎಸೆದ.

ನಿಂತ ಗಡಿಯಾರ ಕೂಡ ಇನ್ನಷ್ಟು ನಿಂತಿತು. ಆಮೇಲೆ ಭಾವ ಬಾಯಿ ಬಿಟ್ಟ. ಮೂವತ್ತಾರು ವರ್ಷದ ಪಾರ್ಸೆಲ್ ಕಚೇರಿಯಲ್ಲಿ ಕಲಿತದ್ದನ್ನೆಲ್ಲ ಆಡಿದ. ಕೆಲಸ ಗೊತ್ತಿಲ್ಲದವನು, ಅಹಂಕಾರಿ, ಬೇರೆಯವರು ಸರಿಮಾಡಿದ್ದು ಸಹಿಸದ ಹೊಟ್ಟೆಕಿಚ್ಚಿನವನು, ಮೂಗು ಕೊಯ್ದು ಕೈಗೆ ಕೊಡಬೇಕು ಇವನಿಗೆ. ಅದನ್ನೆಲ್ಲ ಮೇಸ್ತ್ರಿ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಅಕ್ಕನದ್ದು ಹಾಗೆ ಬಿಡಲಾಗಲಿಲ್ಲ. ಅವಳು ಗಟ್ಟಿಯಾಗಿ ಮಾತಾಡಲೇ ಇಲ್ಲ.

"ಮಗಳು ಹೊರಟಾಯ್ತಂತೆ ಕಣೋ. ಆ ಕೂಸನ್ನ ಈ ಐಸಿನ ಡಬ್ಬೀಲಿ ಮಲಗಿಸ್ಲಾ? ಸೊನ್ನೆ ಬಂದಿತ್ತಲ್ಲೋ. ನಾನೇ ನೋಡ್ದೆ."

"ಸೊನ್ನೆ ಬಂದಿತ್ತಕ್ಕ. ನಿಜವಾದ ಸೊನ್ನೆ ಅಲ್ಲ ಅದು."

"ಸೊನ್ನೇಲೂ ನಿಜ ಸುಳ್ಳು ಇರುತ್ತೇನೋ?"

ಅದರ ಉತ್ತರ ಮೇಸ್ತ್ರಿಗೆ ಗೊತ್ತಿದ್ದರೆ ಕೀಲು ಸೋರುತ್ತಿರಲಿಲ್ಲ. ಉದ್ದನೆಯ ಕೊಳವೆಯನ್ನು ಬಾಗಿನಿಂದ ಎಳೆದು, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನೆಲದ ಮೇಲೆ ಕೂತ. ಬಿಳೀ ಕೊಳವೆ, ನಯವಾಗಿ ಹೊಳೆಯುವ ಬಿಳಿ. ಬಟ್ಟೆಯಿಂದ ಉದ್ದಕ್ಕೆ ಒರೆಸಿದ. ಮತ್ತೆ ಒರೆಸಿದ. ಮೂಗಿನ ಹತ್ತಿರ ತಂದು ಮೂಸಿದ. ಮನೆಯ ವಾಸನೆ ಬಂತು, ಅಷ್ಟೇ. ಹೀಗೆ ಕೊಳವೆ ಮೂಸುತ್ತಾ ಕೂತವನನ್ನು ನೋಡಿ ಅಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಐದಕ್ಕೆ ಸರಿಯಾಗಿ ಹೊರಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು.

ಅಕ್ಕನ ಮಗಳು ಬಂದಳು, ಹೊದಿಕೆಯ ಗಂಟಿನಂಥದ್ದನ್ನು ಎದೆಗವಚಿಕೊಂಡು. ಅವಳ ಗಂಡ ಹಿಂದೆ ಚೀಲಗಳನ್ನು ಹೊತ್ತು ಬಂದ. ಅಪ್ಪ ಅಮ್ಮನ ಮುಖ ನೋಡಿ, ನೆಲದ ಮೇಲೆ ಕೂತ ಸೋದರಮಾವನನ್ನು ನೋಡಿ, ಆರಿದ ಬಾಯ್ಲರು ನೋಡಿ, ಅವಳು ಮಗುವಿನ ಹೊದಿಕೆಯನ್ನು ಇನ್ನಷ್ಟು ಬಿಗಿಮಾಡಿದಳು. ಮೇಸ್ತ್ರಿ ತಲೆ ಎತ್ತಲಿಲ್ಲ. ಆಸ್ಪತ್ರೆಯ ಅಜ್ಜಿ ಪಕ್ಕದಲ್ಲಿಲ್ಲದಿದ್ದದ್ದೇ ಪುಣ್ಯ ಎಂದುಕೊಂಡ.

"ಹಚ್ಚಿಲ್ಲಮ್ಮ," ಎಂದ. "ಸೋರ್ತಿದೆ. ಎಲ್ಲಿ ಅಂತ ಗೊತ್ತು, ಯಾಕೆ ಅಂತ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ಈ ಕೋಣೇಲಿ ಮಗೂನ ಮಲಗ್ಸೋಕೆ ಬಿಡಲ್ಲ. ನನ್ನನ್ನ ಏನು ಬೇಕಾದ್ರೂ ಕರಿ."

ಅವಳು ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಮೂಗು ಮುರಿದಳು, ನಿಜವಾಗಿಯೇ, ಸೆರಗಿನಂತೆ ಇಳಿಬಿದ್ದ ಶಾಲಿನ ತುದಿಯಿಂದ ಮುಚ್ಚಿಕೊಂಡು. ಹತ್ತು ದಿನ ಆಸ್ಪತ್ರೆಯ ತೊಳೆದ ಗಾಳಿ ಕುಡಿದು ಬಂದ ಮೂಗು ಅದು. ಕೋಣೆಯೊಳಗೆ ಎರಡು ಹೆಜ್ಜೆ ಇಟ್ಟಳು, ಮಾವನ ಪಕ್ಕ ಬಗ್ಗಿದಳು, ಮತ್ತೆ ನೆಟ್ಟಗೆ ನಿಂತಳು.

"ಅಪ್ಪಾ, ಈ ಪೈಪಿಗೂ ಪೇಂಟ್ ಹೊಡ್ದಿದೀರಾ?"

ಭಾವನ ಕೈ ಜೇಬಿನ ಬ್ರಷ್ಷಿಗೆ ಹೋಯಿತು.

"ಮನೆ ತುಂಬ ಹಳೇ ಪೇಂಟ್ ವಾಸನೆ," ಎಂದಳು. "ಇದು ಮಾತ್ರ ಹೊಸದು. ಬಿಸಿ ತಾಗಿದ ಹೊಸ ಪೇಂಟು. ಮಾಮ, ನಿಂಗೆ ಬರ್ತಿಲ್ವಾ?"

ಮೇಸ್ತ್ರಿ ಭಾವನ ಕಡೆ ತಿರುಗಿದ. ಭಾವ ಕಿಟಕಿಯ ಕಡೆ ತಿರುಗಿದ. ಆಮೇಲೆ ಸಣ್ಣ ದನಿಯಲ್ಲಿ ವಿಷಯ ಹೊರಬಂತು. ಸಾಮಾನು ಬಂದು ಮೂರು ದಿನ ಜಗಲಿಯಲ್ಲಿತ್ತಲ್ಲ. ಬಾಗು, ಗಿಡ್ಡ ತುಂಡು ಎಲ್ಲ ಡಬ್ಬಿಯೊಳಗೆ ಮುಚ್ಚಿತ್ತು, ಉದ್ದನೆಯದೊಂದು ಮಾತ್ರ ಬೆತ್ತಲೆ ನಿಂತಿತ್ತು. ಕಾರ್ಖಾನೆಯವರ ಬಿಳಿ ತೆಳು ಬಿಳಿ, ಒಂದು ವರ್ಷಕ್ಕೆ ಹಳದಿಯಾಗುತ್ತೆ. ಮೊಮ್ಮಗುವಿನ ಕೋಣೆಗೆ ಹಳದಿ ಪೈಪು ಯಾಕೆ ಎಂದು, ಸುಮ್ಮನೆ, ಒಂದೇ ಒಂದು ಕೈ. ತುದಿಯಿಂದ ತುದಿಗೆ. ಬಿಳಿಯ ಮೇಲೆ ಬಿಳಿ, ಯಾರಿಗೂ ಗೊತ್ತಾಗದಷ್ಟು ನೀಟಾಗಿ.

ಯಾರಿಗೂ ಗೊತ್ತಾಗದಷ್ಟು ಎನ್ನುವಾಗ ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ಮೇಸ್ತ್ರಿ ಕೊಳವೆಯ ತುದಿಗೆ ಹೆಬ್ಬೆರಳಿನ ಉಗುರು ಇಟ್ಟ. ಬೆಳಗ್ಗಿನಿಂದ ಇಪ್ಪತ್ತು ಸಲ ಉದ್ದಕ್ಕೆ ಒರೆಸಿದ್ದನ್ನು ಮೊದಲ ಸಲ ಅಡ್ಡಕ್ಕೆ ಎಳೆದ. ಉಗುರು ಕರಕರ ಎಂದಿತು, ಬಾಚಣಿಗೆಯ ಹಲ್ಲಿನ ಮೇಲೆ ಎಳೆದಂತೆ. ಬ್ರಷ್ಷಿನ ಒಂದೊಂದು ಕೂದಲೂ ಕೊಳವೆಯುದ್ದಕ್ಕೆ ಒಂದೊಂದು ಗೆರೆ ಬಿಟ್ಟಿತ್ತು. ಉಂಗುರ ಆ ಗೆರೆಗಳ ದಿಬ್ಬದ ಮೇಲೆ ಕೂರುತ್ತಿತ್ತು, ವಿಷಗಾಳಿ ಕೆಳಗಿನ ನೂರು ಓಣಿಗಳಲ್ಲಿ ಕೈಬೀಸಿಕೊಂಡು ನಡೆದು ಬರುತ್ತಿತ್ತು. ನೂರು ಗುಳ್ಳೆಗೆ ನೂರು ಓಣಿ. ಅವನ ಒರೆಸುವ ಬಟ್ಟೆಯೂ ಆ ಓಣಿಗಳಲ್ಲೇ ಸಲೀಸಾಗಿ ಓಡಾಡಿತ್ತು. ಉಗುರಿನ ತುದಿಯಲ್ಲಿ ಮೆತ್ತಗಾದ ಬಿಳೀ ಪೇಂಟು ಅಂಟಿಕೊಂಡು ಬಂತು.

ಅವನು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಕನ್ನಡಕವಿದ್ದಿದ್ದರೆ ಎಂಟೂವರೆಗೇ ಕಾಣುತ್ತಿತ್ತೇನೋ. ಆ ಮಾತನ್ನು ಅವನು ನುಂಗಿಕೊಂಡ.

ಇನ್ನು ಮಾಡುವುದೇನು? ಪೇಂಟು ಕೆರೆದರೆ ಕೆಳಗಿನ ಬಿಳಿಗೂ ಗೀರು ಬೀಳುತ್ತದೆ, ಗೀರು ಬಿದ್ದರೆ ಮತ್ತೆ ಓಣಿ. ತುದಿ ಕತ್ತರಿಸೋಣವೆಂದರೆ ಉದ್ದಕ್ಕೂ ಅದೇ ಪೇಂಟು. ಹೊಸ ಕೊಳವೆಯೇ ಬೇಕು, ಅಂಗಡಿ ತೆರೆಯುವುದು ನಾಳೆ ಬೆಳಗ್ಗೆ. ಒಂದು ಬ್ರಷ್ಷು, ಒಂದು ಕೈ, ಒಂದು ಇಡೀ ದಿನ. ಮೇಸ್ತ್ರಿಗೆ ಎದ್ದು ಭಾವನ ಜೇಬಿನ ಬ್ರಷ್ಷು ಕಿತ್ತು ಎರಡು ತುಂಡು ಮಾಡಬೇಕೆನಿಸಿತು. ಕೈ ಎತ್ತಲು ತ್ರಾಣವಿರಲಿಲ್ಲ.

"ಒಂದು ಮಾತು ಹೇಳ್ಬಾರ್ದಾಗಿತ್ತಾ ಭಾವ," ಎಂದ. "ಆರು ಗಂಟೆ ಹೊತ್ತು ಎದುರಿಗೇ ಕೂತಿದ್ರಲ್ಲ."

"ನೀನು ಪೇಂಟ್ ಹೊಡ್ದಿದೀರಾ ಅಂತ ಕೇಳ್ಲೇ ಇಲ್ವಲ್ಲಯ್ಯ."

ಅಕ್ಕ ಗಂಡನ ಕಡೆ ನೋಡಿದ ನೋಟಕ್ಕೆ ಹಸಿ ಪೇಂಟು ಕೂಡ ಒಣಗಿಬಿಡುತ್ತಿತ್ತು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಸಿಲಿಕೋನ್ ಪೊರೆಯನ್ನು ಎತ್ತಿಕೊಂಡು, ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾ ಸ್ವಲ್ಪ ಹೊತ್ತು ನಿಂತಳು. ತಮ್ಮನ ತಣ್ಣಗಾದ ಚಹಾದ ಲೋಟ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದುಕೊಟ್ಟಳು.

ತೀರ್ಮಾನ ಮಾಡಿದವಳು ಅಕ್ಕನ ಮಗಳೇ. ಚೀಲಗಳನ್ನು ಇನ್ನೂ ಕೆಳಗಿಟ್ಟಿರದ ಗಂಡನಿಗೆ, ಹಾಗೇ ತಿರುಗು, ಇವತ್ತು ಮಾಮನ ಮನೆಗೆ ಎಂದಳು. ಬಾಯ್ಲರು ಅಲ್ಲಿ ಉರಿಯುತ್ತಿತ್ತು. ಹೊರಡುವಾಗ ಮಗುವನ್ನು ಮೇಸ್ತ್ರಿಯ ಕೈಗೆ ಕೊಟ್ಟು ಶಾಲು ಸರಿಮಾಡಿಕೊಂಡಳು. ಬೆಳಗ್ಗಿನಿಂದ ಕಬ್ಬಿಣ ಹಿಡಿದು ಹಿಡಿದು ಮರಗಟ್ಟಿದ ಅವನ ಕೈಗೆ ಆ ಭಾರ ಗೊತ್ತೇ ಆಗಲಿಲ್ಲ. ಬಿಸಿ ಮಾತ್ರ ಗೊತ್ತಾಯಿತು. ಮಗು ಅವನನ್ನು ನೋಡಿ ಮತ್ತೆ ಆಕಳಿಸಿತು.

ಶನಿವಾರ ಬೆಳಗ್ಗೆ ಅಕ್ಕ ಎರಡು ಆಜ್ಞೆ ಹೊರಡಿಸಿದಳು. ಒಂದು, ಕೊಳವೆ ಅಂಗಡಿಯಿಂದ ಗೋಡೆಗೆ ನೇರವಾಗಿ ಹೋಗಬೇಕು, ಮಧ್ಯೆ ಎಲ್ಲೂ ನಿಲ್ಲಬಾರದು. ಎರಡು, ಅವಳ ಗಂಡ ಆ ಕೆಲಸ ಮುಗಿಯುವವರೆಗೆ ತಮ್ಮನ ಮನೆಯಲ್ಲೇ ಕೂತಿರಬೇಕು, ಸ್ವಂತ ಮನೆಯ ಬೀದಿಗೂ ತಲೆ ಹಾಕಬಾರದು. ಭಾವ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ ತಲೆಯಾಡಿಸಿದ.

ಮೇಸ್ತ್ರಿ ಹೊಸ ಕೊಳವೆಯನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು ತಂದ. ಈ ಸಲ ಒರೆಸುವ ಮೊದಲು ಸುತ್ತಲೂ ಉಗುರು ಎಳೆದ, ಅಡ್ಡಕ್ಕೆ. ಗಾಜಿನ ಹಾಗಿತ್ತು. ಉಂಗುರ, ಸೋಪಿನ ನೀರು, ಪೆನ್ಸಿಲ್ ಗೆರೆ, ಮೂರು ಬೆರಳು ಇಳಿಜಾರು, ಪಟ್ಟಿ, ಗಾರೆ. ಹಚ್ಚಿ ಕಡ್ಡಿ ಹಿಡಿದ. ಮೊದಲನೆಯದು ಸೊನ್ನೆ, ಎರಡನೆಯದು ಸೊನ್ನೆ. ಮೂರನೆಯದಕ್ಕೆ ಹಿಡಿಯುವ ಮೊದಲು ಕಡ್ಡಿಯ ತುದಿಯನ್ನು ಅಂಗಿಗೆ ಒರೆಸಿದ.

ಸೊನ್ನೆ.

ಅರ್ಧ ಗಂಟೆ ಉರಿಸಿದ, ಆರಿಸಿದ, ಕೊಳವೆ ತಣ್ಣಗಾಗಲು ಬಿಟ್ಟ, ಮತ್ತೆ ಹಚ್ಚಿದ. ಹೀಗೆ ನಾಲ್ಕು ಸಲ. ಸೊನ್ನೆಯೇ. ತೊಟ್ಟಿಲ ಕಡೆಯ ಗೋಡೆಗೆ, ವಿಷಗಾಳಿ ಬಂದರೆ ಕೂಗುವ ಪುಟ್ಟ ಗಂಟೆಯೊಂದನ್ನು ತಿರುಪು ಹಾಕಿ ಕೂರಿಸಿದ. ಅದಕ್ಕೆ ಯಾವುದೇ ಕಾರಣಕ್ಕೂ ಬಣ್ಣ ಬಳಿಯಬಾರದು ಎಂದು ದಪ್ಪ ಅಕ್ಷರದಲ್ಲಿ ಕೆಳಗೆ ಬರೆದ. ಅಕ್ಕ ಕೆಳಗೆ ನಿಂತು ಏಣಿ ಹಿಡಿದಿದ್ದಳು. ಇದು ನಿಜವಾದದ್ದಾ ಎಂದು ಕೇಳಿದಳು. ಹೌದಕ್ಕ, ಇದು ನಿಜವಾದ ಸೊನ್ನೆ ಎಂದ. ಅವಳು ಹೋಗಿ ಕಿಟಕಿಗಳನ್ನು ಮುಚ್ಚಿದಳು. ತೊಟ್ಟಿಲ ಹೊದಿಕೆಯನ್ನು ಕೊಡವಿ ಮತ್ತೆ ಮಡಿಸಿದಳು.

ಮಧ್ಯಾಹ್ನ ತಾಯಿ ಮಗುವನ್ನು ಕರೆತರಲು ಮೇಸ್ತ್ರಿ ತನ್ನ ಮನೆಗೆ ಹೊರಟ. ಎರಡು ದಿನದ ದಣಿವು, ಸಿಟ್ಟು, ಹಸಿವು ಎಲ್ಲ ಒಟ್ಟಿಗೆ ಕಾಲಿಗೆ ಇಳಿದಿದ್ದವು. ಆದರೂ ದಾರಿಯಲ್ಲಿ ಸಿಕ್ಕ ಇಬ್ಬರಿಗೆ, ಒಂದು ಸೋರಿಕೆಯನ್ನು ಬರೀ ಉಗುರಿನಿಂದ ಹಿಡಿದ ಕಥೆ ಹೇಳುವಷ್ಟು ಶಕ್ತಿ ಉಳಿದಿತ್ತು. ಅಕ್ಕನ ಮಗಳ ಮೂಗು ಆ ಕಥೆಯಲ್ಲಿ ಆಗಲೇ ಅರ್ಧ ಸಣ್ಣದಾಗಿತ್ತು. ಮನೆಯ ಮುಂದೆ ನಿಂತು, ಆಳವಾಗಿ ಒಮ್ಮೆ ಉಸಿರೆಳೆದು, ಅಕ್ಕನ ಮನೆಯಲ್ಲಿ ಎರಡು ದಿನ ಮಂಕಾಗಿ ಬಿದ್ದಿದ್ದ ಮೂಗು ಎಲ್ಲ ಸರಿಯಾಗಿದೆ ಎಂದು ಹೇಳಿದ ಮೇಲೆ, ಗೇಟಿಗೆ ಕೈ ಹಾಕಿ ತಳ್ಳಿದ.

ಅಂಗೈ ಅಂಟಿಕೊಂಡಿತು. ಕಿತ್ತು ನೋಡಿದರೆ ಗಿಣಿಹಸಿರು.

ಒಳಗಿನಿಂದ ಭಾವ, ಜೇಬಿಗೆ ಬ್ರಷ್ಷು ಸಿಕ್ಕಿಸಿಕೊಳ್ಳುತ್ತಾ, ನಗುನಗುತ್ತಾ ಹೊರಗೆ ಬಂದ.